ಒಂಬತ್ತು ತುಂಡು ನಗು

ಬೆಳಿಗ್ಗೆ ಎಂಟಕ್ಕೆ ಎಡಿಟರ್ ಬೀಗ ತೆಗೆದ. ಕೋಣೆಯಲ್ಲಿ ಒಂದು ವಸ್ತುವೂ ಅಲುಗಿರಲಿಲ್ಲ. ಆದರೆ ಡಬ್ಬಿಯೊಳಗಿನ ನೆಗೆಟಿವ್ ತುಂಡುತುಂಡಾಗಿತ್ತು.

"ಒಂಬತ್ತು ಕಡೆ ಕತ್ತರಿಸಿ ತುಂಡು ಒಯ್ದಿದ್ದಾರೆ ಮೇಡಂ," ಎಂದು ಇನ್ಸ್‌ಪೆಕ್ಟರ್‌ಗೆ ತೋರಿಸಿದ. "ಎಲ್ಲಾ ತಾತನ ದೃಶ್ಯಗಳೇ. ಹೋದ ವಾರ ತೋರಿಸಿದ ಪ್ರತಿಯಲ್ಲೂ ಅವೇ ತುಂಡು ಹೋಗಿವೆ. ಬೇರೆ ಪ್ರತಿ ಇಲ್ಲ."

ಇನ್ಸ್‌ಪೆಕ್ಟರ್ ಒಂದು ತುದಿಯನ್ನು ಬೆಳಕಿಗೆ ಹಿಡಿದಳು. ಅಂಚು ಓರೆಯಾಗಿತ್ತು. ದೊಡ್ಡ ಕತ್ತರಿಯ ಕೆಲಸ.

"ಎಷ್ಟು ಕಡೆ ಅಂತ ಯಾರ ಮುಂದೆಯೂ ಬಾಯಿ ಬಿಡಬೇಡಿ."

ಹಳೆಯ ಪ್ರಹಸನವೊಂದಕ್ಕೆ ಹಾಡು ಸೇರಿಸಿ ಮಾಡಿದ ಸಿನಿಮಾ ಅದು. ನಾಟಕದಲ್ಲಿ ಮೂವತ್ತು ವರ್ಷ ಪೆದ್ದ ಆಳಿನ ಪಾತ್ರ ಮಾಡಿದ್ದ ತಾತನೇ ಇಲ್ಲೂ ಆಳು. ಹಿಂದಿನ ವಾರ ಚಿತ್ರತಂಡಕ್ಕೂ ಮನೆಯವರಿಗೂ ತೋರಿಸಿದಾಗ ಎಲ್ಲರೂ ಅವನನ್ನು ನೋಡಿ ಬಿದ್ದುಬಿದ್ದು ನಕ್ಕಿದ್ದರು. ನಾಯಕನನ್ನು ಕೇಳುವವರೇ ಇರಲಿಲ್ಲ.

* * *

"ಹೊಟ್ಟೆ ಉರೀತು, ಸುಳ್ಳು ಹೇಳಲ್ಲ," ಎಂದ ನಾಯಕ. "ಆದ್ರೆ ಕತ್ತರಿಸೋದಾದ್ರೆ ಏಣಿ ಮೇಲಿನ ಹಾಡನ್ನ ಬಿಡ್ತಿದ್ನಾ? ಅದರಲ್ಲಿ ತಾತನ ಮುಂದೆ ನಾನು ಲೆಕ್ಕಕ್ಕೇ ಇಲ್ಲ."

ನಿಜ. ತಾತ ಎಲ್ಲರನ್ನೂ ಮೀರಿಸಿದ ಆ ಹಾಡಿಗೆ ಕತ್ತರಿ ತಾಗಿರಲಿಲ್ಲ.

ನಿರ್ದೇಶಕ ಮೊದಲು ಬಾಗಿಲು ಮುಚ್ಚಿ ಬಂದ. ಆಮೇಲೆ ಹೇಳಿದ. "ತಾತನಿಗೆ ಮರೆವು ಶುರುವಾಗಿದೆ. ಮಾತು ಮರೆತು ಕಕ್ಕಾಬಿಕ್ಕಿಯಾಗಿ ಪಕ್ಕಕ್ಕೆ ನೋಡೋರು. ನಟನೆಗಿಂತ ಅದೇ ಚೆನ್ನಾಗಿತ್ತು. ಇಟ್ಕೊಂಡೆ."

"ಅಂಥದ್ದು ಎಷ್ಟಿತ್ತು?"

"ಐದಾರು ಇರಬಹುದು."

ಇನ್ಸ್‌ಪೆಕ್ಟರ್ ನಾಟಕದ ಪುಸ್ತಕವನ್ನೂ ಸಿನಿಮಾದ ಸ್ಕ್ರಿಪ್ಟನ್ನೂ ತರಿಸಿ, ಸಿನಿಮಾ ನೋಡಿ ಎಡಿಟರ್ ಬರೆದಿಟ್ಟಿದ್ದ ಮಾತುಗಳ ಪಕ್ಕ ಇಟ್ಟು ಸಾಲುಸಾಲಾಗಿ ಓದಿದಳು. ತಾತ ಮರೆತದ್ದು ಐದಾರು ಕಡೆಯಲ್ಲ, ಒಂಬತ್ತು ಕಡೆ; ಕತ್ತರಿ ಬಿದ್ದದ್ದೂ ಅಲ್ಲೇ. ಮೂರು ಕಡೆ ಎಷ್ಟು ನಯವಾಗಿ ದಾಟಿಕೊಂಡಿದ್ದನೆಂದರೆ ನಿರ್ದೇಶಕನಿಗೇ ತಿಳಿದಿರಲಿಲ್ಲ.

* * *

ಉಡುಪಿನ ಕೋಣೆ ಎಡಿಟರ್ ಕೋಣೆಗೆ ಎದುರಿಗೇ ಇತ್ತು. ಎರಡರ ಬೀಗದ ಕೈಗಳೂ ಒಂದೇ ಮೊಳೆಯಲ್ಲಿ ತೂಗುತ್ತಿದ್ದವು. ತಾತ ಕುರ್ಚಿಯಲ್ಲಿ ಕುಳಿತಿದ್ದ. ಅವನ ಹೆಂಡತಿ ಅಂಗಿಯೊಂದಕ್ಕೆ ಅಂಚು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಕತ್ತರಿ.

"ನೆಗೆಟಿವ್ ಕತ್ತರಿಸಿದ್ದು ಯಾರು ಅಂತ ಗೊತ್ತಾಯ್ತು," ಎಂದಳು ಇನ್ಸ್‌ಪೆಕ್ಟರ್.

ಹೆಂಡತಿ ಕತ್ತರಿಯನ್ನು ಬಟ್ಟೆಯ ಕೆಳಗೆ ಸರಿಸಿದಳು. ತಾತ ಅದನ್ನು ನೋಡಿದ.

"ನಾನೇ," ಎಂದ.

"ಎಷ್ಟು ಕಡೆ ಯಜಮಾನರೇ?"

ತಾತನ ತುಟಿ ಅಲುಗಿತು. ಮೆಲ್ಲಗೆ ಹೆಂಡತಿಯ ಕಡೆ ಕತ್ತು ತಿರುಗಿಸಿದ.

"ಒಂಬತ್ತು," ಎಂದಳು ಆಕೆ, ತಲೆ ಎತ್ತದೆ, ಪಿಸುಮಾತಿನಲ್ಲಿ. ಸೂಜಿ ಅಲ್ಲೇ ನಿಂತಿತು.

ಇನ್ಸ್‌ಪೆಕ್ಟರ್ ಸ್ಟೂಲ್ ಎಳೆದು ಕುಳಿತಳು. "ಸಿನಿಮಾಕ್ಕೆ ಬೇಕಂತಲೇ ಬದಲಾಯಿಸಿದ ಮಾತು ಇನ್ನೂ ಎಷ್ಟೋ ಇದಾವೆ. ಅವನ್ನ ಮುಟ್ಟಿಲ್ಲ. ಇವರು ಮರೆತದ್ದನ್ನಷ್ಟೇ ಆರಿಸಿ ಕತ್ತರಿಸಿದ್ದಾರೆ. ಅದು ನಾಟಕ ಬಾಯಿಪಾಠ ಇದ್ದು, ಇವರ ಮುಖ ಓದೋಕೆ ಬರೋರಿಗೆ ಮಾತ್ರ ಸಾಧ್ಯ. ಮೂವತ್ತು ವರ್ಷ ಪರದೆ ಹಿಂದೆ ನಿಂತು ಮಾತು ಎತ್ತಿಕೊಟ್ಟೋರು ನೀವೇ ಅಲ್ವಾ ಅಮ್ಮ?"

ಆಕೆ ಅಂಗಿಯನ್ನು ಮಡಿಚಿಟ್ಟಳು.

"ಇವರು ನಗಿಸಿದಾಗ ಜನ ನಕ್ಕರೆ ನನಗೆ ಹೆಮ್ಮೆ ಮೇಡಂ. ಆವತ್ತು ಹಾಗಲ್ಲ. ತೆರೆ ಮೇಲೆ ಇವರು ಪಕ್ಕಕ್ಕೆ ತಿರುಗಿ ನನ್ನನ್ನ ಹುಡುಕ್ತಿದ್ರು. ಜನ ಅದಕ್ಕೆ ನಗ್ತಿದ್ರು. ನಾನೂ ಅವರ ಮಧ್ಯೆನೇ ಕೂತಿದ್ದೆ."

"ತುಂಡುಗಳು?"

"ಸುಟ್ಟೆ."

ಇನ್ಸ್‌ಪೆಕ್ಟರ್ ಎದ್ದಳು. ಆಕೆಯೂ ಎದ್ದಳು. ತಾತ ಇಬ್ಬರನ್ನೂ ನೋಡಿದ. ಏನಾಯಿತೆಂಬುದು ಆಗಲೇ ಅವನ ನೆನಪಿನಿಂದ ಜಾರತೊಡಗಿತ್ತು.

"ನಾನೇನಾದ್ರೂ ತಪ್ಪು ಹೇಳಿದ್ನಾ?"

"ಇಲ್ಲ," ಎಂದಳು ಹೆಂಡತಿ, ಅವನ ಕಾಲರ್ ಸರಿಮಾಡುತ್ತ. "ಸರಿಯಾಗೇ ಹೇಳಿದ್ರಿ."