ಅಳಿಸಿದವರ ಸಹಿ

ಗುರುವಾರ ಬೆಳಿಗ್ಗೆ 10.15ಕ್ಕೆ ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಅಕ್ಕನೊಂದಿಗೆ ಠಾಣೆಗೆ ಬಂದಳು. ಅವಳ ಡಿಜಿಟಲ್ ಪೋರ್ಟ್‌ಫೋಲಿಯೊ, ಅಂದರೆ ವಾರ್ಡಿನಲ್ಲಿ ಕಲಿತ ಒಂದೊಂದು ಕೆಲಸದ ಮೂರು ವರ್ಷಗಳ ದಾಖಲೆ, ಕಂಪ್ಯೂಟರಿನಿಂದ ಮಾಯವಾಗಿತ್ತು.

“ಸೋಮವಾರ ಹೊರಗಿನ ಪರೀಕ್ಷಕರು ಬರ್ತಾರೆ ಸಾರ್. ಅದಿಲ್ಲದಿದ್ರೆ ಪರೀಕ್ಷೆಗೇ ಕೂರಿಸಲ್ಲ.”

“ನೀನೇ ಕೈತಪ್ಪಿ ಅಳಿಸಿಲ್ಲ ತಾನೆ?” ಇನ್‌ಸ್ಪೆಕ್ಟರ್ ಕೇಳಿದರು.

“ಇವಳು ಹಳೇ ಬಸ್ ಟಿಕೆಟ್ಟೂ ಬಿಸಾಡಲ್ಲ ಸಾರ್,” ಎಂದಳು ಅಕ್ಕ.

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಆದರೆ ತಪ್ಪು ಮಾಡುವವರು ತಮ್ಮ ಅಭ್ಯಾಸವನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

11.40ಕ್ಕೆ ವಾರ್ಡಿನ ಕಂಪ್ಯೂಟರಿನ ಮುಂದೆ ಪಂಚನಾಮೆ ನಡೆಯಿತು. ಬುಧವಾರ ಬೆಳಿಗ್ಗೆ ಹುಡುಗಿ ಪೋರ್ಟ್‌ಫೋಲಿಯೊ ತೆರೆದಿಟ್ಟು, ರೋಗಿ ಕರೆದರೆಂದು ಓಡಿದ್ದಳು. ವಾಪಸ್ ಬರುವಷ್ಟರಲ್ಲಿ ಎಲ್ಲ ಖಾಲಿ. ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಒಳಗಿನ ವಿವರ ಹೊರತೆಗೆದ. ‘ಅಳಿಸಲು ಕಾರಣ’ ಎಂಬ ಖಾನೆಯಲ್ಲಿ ಹೀಗಿತ್ತು: ರದ್ದು. 7.40. ಸಿಬ್ಬಂದಿ ಸಂಖ್ಯೆ 118.

ಪೇದೆ ನಕ್ಕುಬಿಟ್ಟ. “ಸಾರ್, ವಿಳಾಸ ಬರೆದಿಟ್ಟೇ ಹೋಗಿದ್ದಾರಲ್ಲ!”

118 ಎಂದರೆ ವಾರ್ಡಿನ ಹಿರಿಯ ಸಿಸ್ಟರ್. ಇಪ್ಪತ್ತೊಂಬತ್ತು ವರ್ಷಗಳ ಸೇವೆ, ನಿವೃತ್ತಿಗೆ ಇನ್ನೆರಡು ತಿಂಗಳು.

“ಬೇರೆ ಯಾರಾದ್ರೂ ನಿಮ್ಮ ಸಂಖ್ಯೆ ಹಾಕಿರಬಹುದಲ್ವಾ ಸಿಸ್ಟರ್?” ಇನ್‌ಸ್ಪೆಕ್ಟರ್ ಕೇಳಿದರು.

“ಇಲ್ಲ ಸಾರ್. ನಾನೇ.”

“ಹಾಕಿದ್ದು ಯಾಕೆ?”

“ರೋಗಿಯ ಹಾಳೆಯಲ್ಲಿ ಏನೇ ಹೊಡೆದುಹಾಕಿದ್ರೂ ಟೈಮು, ಸಹಿ ಹಾಕ್ಲೇಬೇಕು. ಕೈಗೆ ಅದೇ ರೂಢಿ.”

“ಅಳಿಸಿದ್ದು?”

ಸಿಸ್ಟರ್ ತಲೆ ತಗ್ಗಿಸಿದರು. “ಕಳೆದ ತಿಂಗಳು ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಟ್ಟುಬಿಟ್ಟೆ. ಆ ಹುಡುಗಿ ಅದನ್ನ ಬರೆದಿಟ್ಟಿದ್ಲು. ಮೊದಲ ಸಾಲು ಓದಿದ್ದೇ ಎಲ್ಲಾ ಅಳಿಸಿಬಿಟ್ಟೆ. ವಾರ್ಡಿನವರಿಗೆ ಗೊತ್ತಿದ್ರೆ ಪರವಾಗಿಲ್ಲ. ಹೊರಗಿನವರು ಓದಿದ್ರೆ ಇಷ್ಟು ವರ್ಷದ ಮರ್ಯಾದೆ ಮಣ್ಣುಪಾಲು.”

ಸಂಜೆ 4.10ಕ್ಕೆ ಬಂಧನ ದಾಖಲಾಯಿತು. ಅಷ್ಟರಲ್ಲಿ ಅಳಿಸಿದ್ದೆಲ್ಲ ವಾಪಸ್ ಸಿಕ್ಕಿತ್ತು. ಹುಡುಗಿ ನಿಶ್ಚಿಂತೆಯಿಂದ ಪರೀಕ್ಷೆಗೆ ಕೂರಬಹುದಿತ್ತು. ಮಾತ್ರೆಯ ವಿಷಯವಿದ್ದ ಪುಟ ಓದಿದ ಇನ್‌ಸ್ಪೆಕ್ಟರಿಗೆ ಸಂಕಟವಾಯಿತು. ಅದರ ಪ್ರತಿಯನ್ನು ಸಿಸ್ಟರ್ ಕೈಗೆ ಕೊಟ್ಟರು. ಅವರು ಕನ್ನಡಕ ಹಾಕಿಕೊಂಡು ಓದಿದರು.

‘ಇವತ್ತು ಸಿಸ್ಟರ್ ತಪ್ಪು ಮಾತ್ರೆ ಕೊಟ್ಟರು. ತಿಳಿದ ಕೂಡಲೇ ಡಾಕ್ಟರಿಗೂ ರೋಗಿಗೂ ತಾವೇ ಹೇಳಿದರು. ರೋಗಿಗೆ ಏನೂ ಆಗಲಿಲ್ಲ. ಮೂರು ವರ್ಷಗಳಲ್ಲಿ ನಾನು ಕಲಿತ ದೊಡ್ಡ ಪಾಠ ಇದು. ನರ್ಸ್ ಆದರೆ ಇವರಂಥ ನರ್ಸ್ ಆಗಬೇಕು.’

“ನಾನು ಮೊದಲ ಸಾಲಿಗೇ ನಿಲ್ಲಿಸಿಬಿಟ್ಟೆ ಸಾರ್,” ಎಂದು ಸಿಸ್ಟರ್ ಅತ್ತರು.