ಚಿಕ್ಕೋನ ಕಾರಿನಲ್ಲಿ ದೊಡ್ಡಕ್ಕ

"ಮತ್ತೆ ಮದುವೆಯಾಗಿದ್ದೀನಿ ಅಂತ ಒಂದು ಮಾತು ತಿಳಿಸೋಕೆ ಏನು ರೋಗ ಬಂದಿತ್ತು ನಿನಗೆ, ಕಳ್ಳ?"

ಮೊದಲನೆಯ ವೈನರಿಯ ಅಜ್ಜಿ ಹೀಗೆ ಗದರಿದಾಗ ದೊಡ್ಡಕ್ಕ ಇನ್ನೂ ಒಂದು ಕಾಲನ್ನಷ್ಟೇ ಕಾರಿನಿಂದ ಹೊರಗಿಟ್ಟಿದ್ದಳು. ಬೈಗುಳ ಅವಳಿಗಲ್ಲ, ಬಾಗಿಲು ತೆರೆದು ಹಿಡಿದಿದ್ದ ಗೈಡಿಗೆ. ಅವನು ಬಾಯಿ ಬಿಡುವುದರೊಳಗೆ ಅಜ್ಜಿ ಒಂದು ಹಿಡಿ ಬಿಳಿ ಹೂಗಳನ್ನು ದೊಡ್ಡಕ್ಕನ ಕೈಗೆ ತುರುಕಿ, ಅವಳ ಗಲ್ಲ ಹಿಡಿದು ನೋಡಿ, "ಪಾಪ, ಸೊರಗಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಹಾಕ್ತೀಯೋ ಇಲ್ವೋ ಚಿಕ್ಕೋನೇ?" ಎನ್ನುತ್ತಾ ನೆಲಮಾಳಿಗೆಯ ಮೆಟ್ಟಿಲಿಳಿದೇಬಿಟ್ಟರು.

ಗೈಡಿನ ಕಿವಿ ಕೆಂಪಾಗಿತ್ತು. "ಮೇಡಂ, ಕ್ಷಮಿಸಿ. ಮದುವೆ ವಾರ್ಷಿಕೋತ್ಸವದ ಜೋಡಿ ಬರ್ತಿದೆ ಅಂತ ನಮ್ಮ ಆಫೀಸಿನವರು ಫೋನ್ ಮಾಡಿಬಿಟ್ಟಿದ್ದಾರೆ. ಇವರು ನನ್ನನ್ನ ಚಿಕ್ಕಂದಿನಿಂದ ಬಲ್ಲೋರು. ಇಬ್ಬರು ಇಳಿದದ್ದು ನೋಡಿ, ಸೀದಾ ಲೆಕ್ಕ ಹಾಕಿಬಿಟ್ರು. ಈಗಲೇ ಹೋಗಿ ಹೇಳ್ತೀನಿ."

"ಬಿಡಿ," ಎಂದಳು ಅವಳು. "ನನಗೇನೂ ಅನ್ನಿಸ್ತಿಲ್ಲ."

ಅದು ಸೌಜನ್ಯದ ಮಾತಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ಏನೂ ಅನ್ನಿಸುತ್ತಿರಲಿಲ್ಲ.

ಈ ಪ್ರವಾಸ ತಮ್ಮ ಮತ್ತು ತಂಗಿ ಸೇರಿ ಕೊಡಿಸಿದ ಉಡುಗೊರೆ. ಒಂದು ಇಡೀ ದಿನ, ಖಾಸಗಿ ಕಾರು, ಕಣಿವೆಯ ಮೂರು ಮನೆತನಗಳ ವೈನರಿಗಳು. ಜೋಡಿಗಳಿಗೆಂದೇ ಮಾಡಿದ ಪ್ಯಾಕೇಜ್ ಅದು. "ಇನ್ನೊಂದು ಸೀಟಿನಲ್ಲಿ ನಿನ್ನ ಬ್ಯಾಗ್ ಇಡು," ಎಂದಿದ್ದ ತಮ್ಮ. ಅಮ್ಮ ಹಾಸಿಗೆ ಹಿಡಿದ ಮೇಲೆ ದೊಡ್ಡಕ್ಕ ಫಿಸಿಯೋಥೆರಪಿಸ್ಟ್ ಕೆಲಸ ಬಿಟ್ಟು ವರ್ಷಗಟ್ಟಲೆ ಅವರ ಪಕ್ಕದಲ್ಲೇ ಮಲಗಿದ್ದಳು. ಬೇಸಿಗೆಗೆ ಮುಂಚೆ ಅಮ್ಮ ಹೋದರು. ತಂಗಿ ಗೋಡೆಗೆ ಹಣೆ ಒತ್ತಿ ಅತ್ತಳು, ತಮ್ಮ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತ. ದೊಡ್ಡಕ್ಕ ಬಂದವರಿಗೆ ಕುರ್ಚಿ ಹಾಕಿದಳು. ಕಲ್ಲು ಕಲ್ಲು ಇವಳು ಎಂದು ಯಾರೋ ಪಿಸುಗುಟ್ಟಿದ್ದು ಅವಳಿಗೂ ಕೇಳಿಸಿತ್ತು. ಬೇಸರವಾಗಬೇಕಿತ್ತು, ಆಗಲಿಲ್ಲ. ಕಾಲಿಗೆ ಜೋಮು ಹಿಡಿದರೆ ಕೊಡವಿಕೊಳ್ಳಬಹುದು. ಇಡೀ ಮನುಷ್ಯಳಿಗೇ ಹಿಡಿದರೆ ಎಲ್ಲಿಂದ ಕೊಡವುವುದು?

ನೆಲಮಾಳಿಗೆ ತಣ್ಣಗಿತ್ತು. ಅಜ್ಜಿ ಎರಡು ಲೋಟಗಳಿಗೆ ವೈನ್ ಸುರಿದರು. ಗೈಡ್ ಕಾರು ಓಡಿಸಬೇಕಾದ್ದರಿಂದ ಮೂಸಿ ಮಾತ್ರ ನೋಡಿ ಕೆಳಗಿಟ್ಟ. ದೊಡ್ಡಕ್ಕ ಗುಟುಕರಿಸಿ, "ಚೆನ್ನಾಗಿದೆ," ಎಂದಳು, ಆಸ್ಪತ್ರೆಯಲ್ಲಿ ರೋಗಿ 'ಪರವಾಗಿಲ್ಲ' ಎನ್ನುವ ಹಾಗೆ. ಅಜ್ಜಿಯ ಕಣ್ಣು ತಪ್ಪಿಸಿ ಅವನು ಅವಳನ್ನು ನೋಡಿದ. ಅವಳೂ ನೋಡಿದಳು. ಸುಳ್ಳು ಹೇಳಿ ಸಿಕ್ಕಿಬಿದ್ದ ಇಬ್ಬರು ಮಕ್ಕಳ ನೋಟ ಅದು. ಮೊದಲು ನಕ್ಕವನು ಅವನು.

ಮತ್ತೆ ಕಾರು ಹತ್ತಿದಾಗ ಕಣಿವೆಯ ಎರಡೂ ಬದಿಗೆ ದ್ರಾಕ್ಷಿ ಸಾಲುಗಳು ಬಾಚಿದ ಕೂದಲಂತೆ ಇಳಿದಿದ್ದವು. ಕೊಯ್ಲು ಮುಗಿದು ಎಲೆಗಳು ಕೆಂಪಗೆ, ಹಳದಿಗೆ ತಿರುಗಿದ್ದವು. ನೋಡಲು ಸುಂದರವಾಗಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು, ಅಷ್ಟೇ.

"ಅವರು ನಿಮ್ಮನ್ನ ಚಿಕ್ಕೋನೇ ಅಂದ್ರಲ್ಲ?"

"ಮನೆಗೆ ಕಿರಿಯವನು. ನಲವತ್ತು ದಾಟಿದ್ರೂ ಈ ಕಣಿವೇಲಿ ನಾನು ಚಿಕ್ಕೋನೇ. ನಿಮ್ಮನ್ನ?"

"ದೊಡ್ಡಕ್ಕ. ಎಲ್ರೂ ಹಾಗೇ ಕರೀತಾರೆ. ನಮ್ಮಮ್ಮ ಕೂಡ."

"ಅಮ್ಮ ಮಗಳನ್ನ ಅಕ್ಕ ಅಂತಿದ್ರಾ?"

"ಕೊನೆಕೊನೆಗೆ ಮರೆವು ಜಾಸ್ತಿಯಾಯ್ತು. ನನ್ನನ್ನ ಅವರ ಅಕ್ಕ ಅಂತಲೇ ತಿಳ್ಕೊಂಡಿದ್ರು. ನಾನೂ ಆಗಿದ್ದೆ."

ಅವನು ಗೇರು ಬದಲಿಸಿದ. ಆಮೇಲೆ, "ನಾನು ಮಾತ್ರ ಹಾಗೆ ಕರೆಯಲ್ಲ," ಎಂದ.

"ಯಾಕೆ?"

"ಅಕ್ಕ ಅಂದುಬಿಟ್ರೆ ಆಮೇಲೆ ಕಷ್ಟ."

"ಏನು ಕಷ್ಟ?"

ರಸ್ತೆ ಖಾಲಿಯಿತ್ತು, ನೇರವಾಗಿತ್ತು. ಆದರೂ ಅವನು ಅದನ್ನೇ ಕಣ್ಣು ಕಿರಿದುಮಾಡಿ ನೋಡುತ್ತಿದ್ದ.

ಎರಡನೆಯ ವೈನರಿ ಇಬ್ಬರು ಅಣ್ಣತಮ್ಮಂದಿರದು. ಒಬ್ಬನು ತಮ್ಮ ವೈನಿನಲ್ಲಿ ಪ್ಲಮ್ಮಿನ ಪರಿಮಳವಿದೆ ಎಂದರೆ ಇನ್ನೊಬ್ಬ ಹೊಗೆಯ ವಾಸನೆ ಎನ್ನುತ್ತಿದ್ದ. ಕೊನೆಗೆ ಇಬ್ಬರೂ ಕತ್ತು ಚಾಚಿ, "ತಂಗಿ, ನೀನೇ ಹೇಳು," ಎಂದರು.

ದೊಡ್ಡಕ್ಕ ನಾಲಿಗೆಯ ಮೇಲೆ ಹೊರಳಿಸಿದಳು. "ನೀರಿನ ಹಾಗಿದೆ."

ಅಣ್ಣತಮ್ಮಂದಿರ ಮುಖ ನೋಡಬೇಕಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಇಬ್ಬರೂ ಒಂದೇ ಮಾತಿಗೆ ಬಂದು, ಒಟ್ಟಿಗೆ ಬೇಸರಪಟ್ಟುಕೊಂಡರು. ಚಿಕ್ಕೋನು ನಗು ತಡೆಯಲಾಗದೆ ಪೀಪಾಯಿಯ ಹಿಂದೆ ಹೋಗಿ ಕೆಮ್ಮಿದ. ಅಲ್ಲಿಂದ ಬಂದವನು ಹಣ್ಣಿನ ತಟ್ಟೆಯನ್ನು ಅವಳ ಮುಂದೆ ಸರಿಸಿ, ಯಾರಿಗೂ ಕೇಳದಷ್ಟು ಮೆಲ್ಲಗೆ, "ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದ.

ಈ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲ. 'ಹೇಗಿದ್ದೀಯ' ಎನ್ನುತ್ತಿದ್ದರು, ಉತ್ತರಕ್ಕೆ ಕಾಯುತ್ತಿರಲಿಲ್ಲ.

"ಅಮ್ಮ ಹೋದಾಗಿನಿಂದ," ಎಂದಳು.

ಅವನು ಸಮಾಧಾನ ಹೇಳಲಿಲ್ಲ. ತಲೆಯಾಡಿಸಿ, ಅವಳ ಲೋಟದಲ್ಲಿ ಉಳಿದಿದ್ದನ್ನು ತೊಟ್ಟಿಗೆ ಚೆಲ್ಲಿ, ನೀರು ತುಂಬಿಸಿ ಕೊಟ್ಟ. "ಹಾಗಿದ್ರೆ ನೀರೇ ಕುಡೀರಿ. ಇದಕ್ಕೆ ಯಾರೂ ಅಭಿಪ್ರಾಯ ಕೇಳಲ್ಲ."

ಮೂರನೆಯ ವೈನರಿ ಕಣಿವೆಯ ಕೊನೆಯಲ್ಲಿತ್ತು. ದಾರಿಯಲ್ಲಿ ಒಂದು ಹಸಿರು ಗೇಟು ಹತ್ತಿರವಾಗುತ್ತಿದ್ದಂತೆ ಅವನು ವೇಗ ಹೆಚ್ಚಿಸಿದ್ದನ್ನು ಅವಳು ಗಮನಿಸಿದಳು. ಹೆಚ್ಚಿಸಿದ ವೇಗ ಉಪಯೋಗಕ್ಕೆ ಬರಲಿಲ್ಲ. ರಸ್ತೆಯ ನಟ್ಟನಡುವೆ ಏಪ್ರನ್ ಕಟ್ಟಿದ ದಪ್ಪನೆಯ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಬ್ರೇಕು ಕಿರುಗುಟ್ಟಿತು. "ನಮ್ಮ ಅತ್ತಿಗೆ," ಎಂದ ಅವನು, ಸ್ಟಿಯರಿಂಗಿಗೆ ಹಣೆ ಹಚ್ಚಿ. "ಬೆಳಗಿನ ಆ ಅಜ್ಜಿ ಫೋನ್ ಮಾಡಿರಬೇಕು."

"ಇದು ನಿಮ್ಮ ಮನೆಯಾ?"

"ಅಪ್ಪನ ಮನೆ. ನನ್ನ ಹೆಂಡತಿ ಬಿಟ್ಟು ಹೋದ ವರ್ಷ ಅಪ್ಪ ಒಂದು ಮಾತು ಅಂದ್ರು. ಬಳ್ಳಿ ನೋಡ್ಕೊಳ್ಳೋಕೂ ಬರಲಿಲ್ಲ, ಹೆಂಡತೀನ ನೋಡ್ಕೊಳ್ಳೋಕೂ ಬರಲಿಲ್ಲ ನಿನಗೆ ಅಂತ, ಕೆಲಸದವರ ಮುಂದೆ. ಆಮೇಲೆ ನಾನು ಈ ಗೇಟು ದಾಟಿಲ್ಲ. ದಿನಾ ಜನಾನ ಕೂರಿಸ್ಕೊಂಡು ಇದರ ಮುಂದಿನಿಂದಲೇ ಹೋಗ್ತೀನಿ."

ಅತ್ತಿಗೆ ಅಷ್ಟರಲ್ಲಿ ಕಾರಿನ ಕಿಟಕಿಗೆ ಬಂದಾಗಿತ್ತು. "ಇಳೀರಿ ಇಬ್ಬರೂ. ಮಾವನವರು ಬೆಳಗಿನಿಂದ ಶರ್ಟು ಬದಲಾಯಿಸ್ಕೊಂಡು ಕೂತಿದ್ದಾರೆ. ವಸಂತದಲ್ಲಿ ಪಾರ್ಶ್ವವಾಯು ಹೊಡೀತು ಅಂತ ಎಷ್ಟು ಸಲ ಮೆಸೇಜ್ ಹಾಕಿದೆ ನಿನಗೆ? ಬಂದ್ಯಾ? ಇವತ್ತು ಹೆಂಡತಿ ಮುಖ ನೋಡಿಯಾದ್ರೂ ಒಳಗೆ ಬಾ."

ಚಿಕ್ಕೋನು ದೊಡ್ಡಕ್ಕನ ಕಡೆ ತಿರುಗಿದ. ಅವನ ಮುಖದಲ್ಲಿ ತಮಾಷೆ ಒಂದಿಷ್ಟೂ ಉಳಿದಿರಲಿಲ್ಲ. "ನೀವು ಬೇಡ ಅಂದ್ರೆ ಗಾಡಿ ತಿರುಗಿಸ್ತೀನಿ. ದಿನ ನಿಮ್ಮದು."

ಅವಳು ಬೆಲ್ಟ್ ಬಿಚ್ಚಿದಳು.

ಹಾಲ್‌ನಲ್ಲಿ, ಕಿಟಕಿಯ ಪಕ್ಕ, ಮುದುಕರು ಮಂಡಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಇಸ್ತ್ರಿ ಮಾಡಿದ ಶರ್ಟಿನ ಗುಂಡಿ ಯಾರೋ ಹಾಕಿಕೊಟ್ಟಂತಿತ್ತು. ಮಗನನ್ನು ನೋಡಿಯೂ ನೋಡದವರಂತೆ ದೊಡ್ಡಕ್ಕನನ್ನೇ ನೋಡಿ, ಸೊಟ್ಟ ಬಾಯಲ್ಲಿ, "ಸೊಸೆ," ಎಂದರು.

ಹೌದು ಎಂದರೆ ಮುಗಿಯುತ್ತಿತ್ತು.

"ಅಲ್ಲ," ಎಂದಳು ದೊಡ್ಡಕ್ಕ. "ನಾನು ಪ್ರವಾಸಕ್ಕೆ ಬಂದವಳು. ಇವರು ನನ್ನ ಗೈಡ್. ಬೆಳಗ್ಗೆಯಷ್ಟೇ ಪರಿಚಯ."

ಅತ್ತಿಗೆಯ ಕೈ ಬಾಯಿಗೆ ಹೋಯಿತು. ಮುದುಕರು ಅವಳನ್ನು ದಿಟ್ಟಿಸಿದರು. ಆಮೇಲೆ ಅವರ ಎದೆಯೊಳಗಿಂದ ಗೊರಗೊರ ಸದ್ದು ಬಂತು. ಉಸಿರು ಸಿಕ್ಕಿಕೊಂಡಿತೆಂದು ಅತ್ತಿಗೆ ನೀರಿಗೆ ಓಡಿದಳು. ಅದು ನಗುವಾಗಿತ್ತು.

ನಗುವ ಭರಕ್ಕೆ ಕಂಬಳಿ ಜಾರಿತು. ಬಲಗೈ ಕಾಣಿಸಿತು. ಬೆರಳುಗಳು ಮುಷ್ಟಿಗಟ್ಟಿ, ಉಗುರುಗಳು ಅಂಗೈಯೊಳಗೆ ಹೂತಿದ್ದವು. ದೊಡ್ಡಕ್ಕ ಯಾರನ್ನೂ ಕೇಳಲಿಲ್ಲ. "ಬಿಸಿನೀರಲ್ಲಿ ಅದ್ದಿದ ಟವೆಲ್ ಕೊಡಿ," ಎಂದು ನೆಲದ ಮೇಲೆ ಮಂಡಿಯೂರಿ ಕೂತಳು.

"ಬಿಡಿಸೋಕೆ ಬರಲ್ಲ ಅದು," ಎಂದಳು ಅತ್ತಿಗೆ. "ಎಳೆದ್ರೆ ಕಿರುಚ್ತಾರೆ."

"ಎಳೆಯಬಾರದು."

ಅವಳು ಮುಷ್ಟಿಗೆ ಟವೆಲ್ ಸುತ್ತಿ, ಬಿಸಿ ಇಳಿಯುವವರೆಗೆ ತನ್ನೆರಡು ಕೈಗಳ ನಡುವೆ ಹಿಡಿದುಕೊಂಡಳು. ಮಣಿಕಟ್ಟನ್ನು ಮೊದಲು ಒಳಕ್ಕೆ ಬಗ್ಗಿಸಿ, ಹೆಬ್ಬೆರಳನ್ನು ಬುಡದಿಂದ ಮೆಲ್ಲಗೆ ಹೊರಗೆ ತಂದಳು. ಒಂದೊಂದೇ ಬೆರಳು, ಒಲ್ಲೆ ಒಲ್ಲೆ ಎನ್ನುತ್ತಲೇ, ಬಿಡಿಸಿಕೊಂಡಿತು. ಅಮ್ಮನ ಕೈ ಬಿಟ್ಟ ಮೇಲೆ ಅವಳು ಯಾರ ಕೈಯನ್ನೂ ಹಿಡಿದಿರಲಿಲ್ಲ. ತನ್ನ ಕೈ ಬೆಚ್ಚಗಿದೆ ಎಂಬುದು ಅವಳಿಗೆ ತಿಳಿಯಿತು. ಅದಕ್ಕಿಂತ ಹೆಚ್ಚಿಗೆ ಏನೂ ಆಗಲಿಲ್ಲ.

ಅಂಗೈ ತೆರೆದುಕೊಂಡಾಗ ಮುದುಕರ ಕಣ್ಣಲ್ಲಿ ನೀರಿತ್ತು. ಬಾಗಿಲಲ್ಲೇ ನಿಂತಿದ್ದ ಮಗನನ್ನು ಅವರು ಆಗ ನೋಡಿದರು. ತುಟಿ ಬಹಳ ಹೊತ್ತು ಒದ್ದಾಡಿತು.

"ಕೂ... ಕೂತ್ಕೋ."

ಚಿಕ್ಕೋನು ಬಂದು ದೊಡ್ಡಕ್ಕನ ಪಕ್ಕದಲ್ಲೇ ನೆಲದ ಮೇಲೆ ಕೂತ. ಅವನ ಭುಜ ಅವಳ ಭುಜಕ್ಕೆ ತಗುಲಿತು. ಅವಳು ಸರಿದು ಕೂರಲಿಲ್ಲ.

ಮೂರನೆಯ ವೈನರಿ ಹಾಗೇ ಉಳಿಯಿತು. ಸಂಜೆ ಅವಳ ಮನೆಯ ಮುಂದೆ ಕಾರು ನಿಲ್ಲಿಸಿ ಅವನು ಎಂಜಿನ್ ಆರಿಸಿದ.

"ಆ ಕೈಗೆ ವಾರ ವಾರ ವ್ಯಾಯಾಮ ಮಾಡಿಸಬೇಕು," ಎಂದಳು ಅವಳು. "ಗುರುವಾರ ಬರ್ತೀನಿ."

"ಅಪ್ಪನಿಗೋಸ್ಕರಾನಾ?"

"ಹೌದು."

"ಬರೀ ಅಪ್ಪನಿಗೋಸ್ಕರಾನಾ?"

ಅವಳು ಯೋಚಿಸಿದಳು. ನಾಚಿಕೆಗಾಗಿ ತನ್ನೊಳಗೆ ಹುಡುಕಿದಳು, ಸಿಗಲಿಲ್ಲ. "ಗೊತ್ತಿಲ್ಲ. ನನಗೆ ಈಗ ಏನೂ ಗೊತ್ತಾಗ್ತಿಲ್ಲ. ಗೊತ್ತಾದ ದಿನ ಮೊದಲು ನಿಮಗೇ ಹೇಳ್ತೀನಿ."

"ಸರಿ. ನನಗೆ ಆಗಲೇ ಗೊತ್ತಾಗಿದೆ. ನೀರಿನ ಹಾಗಿದೆ ಅಂದ್ರಲ್ಲ, ಆಗಲೇ," ಎಂದ ಅವನು. ಹೇಳಿಬಿಟ್ಟು ಅವಳ ಮುಖ ನೋಡುವ ಧೈರ್ಯ ಸಾಲದೆ ವೈಪರ್ ಹಾಕಿದ. ಗಾಜು ಒಣಗಿತ್ತು. ವೈಪರ್ ಕೀರ್ ಕೀರ್ ಎಂದು ಮಾನ ಕಳೆಯಿತು.

ಗುರುವಾರಗಳು ಶುರುವಾದವು. ಅವನು ಬಂದು ಕರೆದೊಯ್ಯುವನು, ಅವಳು ಮುದುಕರ ಬೆರಳು ಬಿಡಿಸುವಳು, ಅತ್ತಿಗೆ ಸೂಪು ಬಡಿಸುವಳು, ಅವನು ಮರಳಿ ಬಿಡುವನು. ದಾರಿಯಲ್ಲಿ ಅವನು ಹರಟುತ್ತಿದ್ದ. ಉತ್ತರ ಬೇಕೆಂದು ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಸಾಲುಗಳ ಎಲೆ ಉದುರಿ ಬರೀ ಕಡ್ಡಿ ಉಳಿದವು. ಮುದುಕರು ಚಮಚ ಹಿಡಿಯುವಷ್ಟಾದರು. ಒಳ್ಳೆಯದಾಯಿತು ಎಂದು ಅವಳು ಅಂದುಕೊಳ್ಳುತ್ತಿದ್ದಳು, ಇನ್ನೊಬ್ಬರ ಸುದ್ದಿ ಕೇಳಿದವಳಂತೆ.

ಒಂದು ಗುರುವಾರ ಅವಳ ಮನೆಯ ಗೇಟಿನ ಮುಂದೆ ಬಂದು ನಿಂತದ್ದು ಅವನ ಕಾರಲ್ಲ, ಅವನ ಅಣ್ಣನ ಪಿಕಪ್ಪು. "ಚಿಕ್ಕೋನು ಇವತ್ತು ಇಲ್ಲ. ಏರ್‌ಪೋರ್ಟ್ ಟ್ರಿಪ್ಪು," ಎಂದ ಅಣ್ಣ. ಅವನಿಗೆ ಮಾತು ಕಡಿಮೆ. ಇಡೀ ದಾರಿ ಎಂಜಿನ್ನಿನ ಸದ್ದು ಬಿಟ್ಟರೆ ಏನಿಲ್ಲ.

ಅರ್ಧ ದಾರಿಯಲ್ಲಿ ಅವಳಿಗೆ ಗಂಟಲ ಕೆಳಗೆ ಏನೋ ಬಿಸಿ ಹತ್ತಿದಂತಾಯಿತು. ಬೆಳಗಿನ ಕಾಫಿ ಇರಬೇಕೆಂದುಕೊಂಡಳು. ಮುದುಕರ ಹೆಬ್ಬೆರಳನ್ನು ಹಿಡಿದಾಗ ಅವರು ಬೆಚ್ಚಿ, "ಮೆಲ್ಲಗೆ," ಎಂದರು. ಅವಳ ಕೈ ಎಂದೂ ಗಡುಸಾದದ್ದಲ್ಲ. ಅವರು ಅವಳ ಮುಖವನ್ನು ಓದಿ, ಸೊಟ್ಟ ಬಾಯಲ್ಲೇ ನಕ್ಕು, "ಕೋಪ," ಎಂದರು.

"ನನಗಾ? ಯಾರ ಮೇಲೆ?"

ಮುದುಕರು ಬಲಗೈಯ ತೋರುಬೆರಳನ್ನು, ಪಾಪ, ಬಹಳ ಕಷ್ಟಪಟ್ಟು, ಕಿಟಕಿಯ ಕಡೆ ಎತ್ತಿದರು. ಹೊರಗೆ ರಸ್ತೆ ಖಾಲಿ ಬಿದ್ದಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅವನ ಕಾರು ಬಂತು. ಅವಳು ಕೋಟೂ ಹಾಕಿಕೊಳ್ಳದೆ ಅಂಗಳಕ್ಕೆ ಹೋದಳು.

"ಒಂದು ಫೋನ್ ಮಾಡೋಕೆ ಕೈ ಬಿದ್ದು ಹೋಗಿತ್ತಾ?"

ಅವನು ಬಾಗಿಲು ಹಿಡಿದುಕೊಂಡೇ ನಿಂತ. "ಬೆಳಗ್ಗೆ ಬೇಗ ಹೊರಟೆ, ನೀವು ಮಲಗಿರ್ತೀರ ಅಂತ... ಅಣ್ಣ ಬಂದ್ನಲ್ಲ?"

"ಅಣ್ಣ ಯಾರಿಗೆ ಬೇಕು? ನಾನು ಬೇಗನೆ ಎದ್ದಿದ್ದೆ. ತಲೆ ಸ್ನಾನ ಮಾಡಿದ್ದೆ. ಗೇಟಿನ ಹತ್ತಿರ ಬಂದು ನಿಂತಿದ್ದೆ. ಹೇಳದೆ ಕೇಳದೆ ಹೋಗಿಬಿಡೋದಾ? ಎಲ್ರೂ ಹಾಗೇ ಹೋಗಿಬಿಡಿ! ನಾನು ಕುರ್ಚಿ ಹಾಕ್ತಾ ಇರ್ತೀನಿ!"

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವಳೇ ಬೆರಗಾಗಿ ನಿಂತಳು. ಅವನು ಮೆಲ್ಲಗೆ ಹತ್ತಿರ ಬಂದ.

"ನಿಮಗೆ ಕೋಪ ಬಂದಿದೆ," ಎಂದ, ಸಂತೋಷವನ್ನು ಮುಚ್ಚಿಡಲು ಆಗದೆ.

"ಬಂದಿದೆ. ಗೊತ್ತಾಯ್ತು ನನಗೆ," ಎಂದಳು. "ಹೇಳ್ತೀನಿ ಅಂದಿದ್ದೆನಲ್ಲ. ಗೊತ್ತಾಯ್ತು. ನಿಮಗೋಸ್ಕರವೇ ಬರ್ತಾ ಇದ್ದೆ."

ಹೇಳುತ್ತಿದ್ದಂತೆ ಗಂಟಲ ಬಿಸಿ ಮೇಲಕ್ಕೇರಿ ಕಣ್ಣಿಗೆ ಬಂತು. ಅಮ್ಮನಿಗಾಗಿ ಬರಬೇಕಿದ್ದದ್ದು, ಬೇಸಿಗೆಗೂ ಮುಂಚಿನಿಂದ ತಡೆದು ನಿಂತದ್ದು, ಎಲ್ಲ ಒಮ್ಮೆಗೇ. ಅವಳು ಅವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಎದೆಗೆ ಹಣೆ ಒತ್ತಿ, ಸದ್ದು ಮಾಡಿ ಅತ್ತಳು. ಅವನು ಅವಳ ಬೆನ್ನಿನ ಮೇಲೆ ಕೈಯಿಟ್ಟು ನಿಂತ.

ಬಹಳ ಹೊತ್ತಿನ ಮೇಲೆ ಪಿಸುಗುಟ್ಟಿದ: "ಅತ್ತಿಗೆ ಕಿಟಕಿಯಿಂದ ನೋಡ್ತಾ ಇದ್ದಾರೆ. ಇನ್ನು ಕಣಿವೆಗೆಲ್ಲ ಫೋನ್ ಹೋಗುತ್ತೆ."

"ಹೋಗಲಿ," ಎಂದಳು ದೊಡ್ಡಕ್ಕ, ಹಿಡಿದದ್ದನ್ನು ಬಿಡದೆ.