ಸಂದರ್ಶನದ ದಿನ ಹೋದ ದನಿ

1956ರ ಫೆಬ್ರುವರಿ 9, ಗುರುವಾರ ಬೆಳಿಗ್ಗೆ ಸವದತ್ತಿ ಠಾಣೆಗೆ ಗಂಡ ಹೆಂಡತಿ ಬಂದರು. ದೂರು ಗಂಡನದು, ಆದರೆ ಅವನಿಂದ ಬಾಯಿ ಬಿಡಲು ಆಗುತ್ತಿರಲಿಲ್ಲ. ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದ, ತುಟಿಗಳು ಬಾತು ಬಿರಿದಿದ್ದವು, ಕೈಯಲ್ಲಿ ಶಾಲೆಯ ಮಕ್ಕಳ ಪಾಟಿ, ಬಳಪ.

ಫೌಜದಾರ ನಿಜಗುಣಪ್ಪ ಇಬ್ಬರಿಗೂ ಕುರ್ಚಿ ತೋರಿಸಿದ. "ಏನಾತ್ರಿ?"

ಹೆಂಡತಿ ಯಮುನಾಬಾಯಿ ಹೇಳಿದಳು. "ಇವರು ಇಲ್ಲೇ ಹೈಸ್ಕೂಲ ಮಾಸ್ತರ್ರೀ, ರಘೋತ್ತಮ ಅಂತ. ನಿನ್ನೆ ಧಾರವಾಡದಾಗ ಸಂದರ್ಶನ ಇತ್ತು. ಭಾಷಾಶಾಸ್ತ್ರ ಕಲಿಸೋ ಅಧ್ಯಾಪಕರ ಜಾಗಕ್ಕ. ಮಾತಾಡಕೋಂತ ಬಸ್ಸ ಹತ್ತಿದವರು ಹಿಂಗ ಬಂದಾರ ನೋಡ್ರಿ."

ಧಾರವಾಡ ಮುಟ್ಟುವಷ್ಟರಲ್ಲಿ ಅವನ ನಾಲಿಗೆಯಲ್ಲಿ ಬೊಬ್ಬೆಗಳು ಎದ್ದಿದ್ದವು. ಹೆಸರು ಕೂಗಿದಾಗ ಒಳಗೆ ಹೋಗಿ ನಿಂತ. ದೊಡ್ಡ ವಿದ್ವಾಂಸರು ಎದುರಿಗಿದ್ದರು. ಬಾಯಿ ತೆರೆದರೆ ದನಿಯ ಬದಲು ರಕ್ತ ಬೆರೆತ ಜೊಲ್ಲು ಅಂಗಿಯ ಮೇಲೆ ಇಳಿಯಿತು. ಇದ್ದದ್ದು ಒಂದೇ ಹುದ್ದೆ. ಅದು ಜೊತೆಗೆ ಹೋಗಿದ್ದ ಗೆಳೆಯ ತ್ರ್ಯಂಬಕನಿಗೆ ಸಿಕ್ಕಿತು.

ರಘೋತ್ತಮ ಪಾಟಿಯ ಮೇಲೆ ಬರೆದು ಮೇಜಿನ ಮೇಲಿಟ್ಟ: 'ವಿಷ ಹಾಕಿದವನು ತ್ರ್ಯಂಬಕ.'

ವಿಷ ಹಾಕಿದ್ದಕ್ಕೆ ಭಾರತೀಯ ದಂಡ ಸಂಹಿತೆಯ 328ನೆಯ ಕಲಮಿನಂತೆ ಎಫ್.ಐ.ಆರ್. ದಾಖಲಾಯಿತು. ಸರಕಾರಿ ದವಾಖಾನೆಯ ಡಾಕ್ಟರು ಗಂಟಲೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಫೌಜದಾರನನ್ನು ಹೊರಗೆ ಕರೆದರು.

"ಕಳ್ಳಿ ಹಾಲಿನಂಥಾದ್ದು ಒಳಗ ಹೋಗೇತಿ. ಇನ್ನಷ್ಟು ಕುಡಿದಿದ್ರ ಉಸಿರ ಕಟ್ಟತಿತ್ತು."

"ದನಿ ಬರತೈತ್ರಿ?"

"ನಾ ಅದನ್ನ ಹೇಳಲಾರೆ."

ಹೊಲದ ಬದುವಿಗೆ, ನೀರಿಗೆ ಹೊಡೆದಾಡಿ ಸತ್ತವರ ಹೆಣಗಳನ್ನು ನಿಜಗುಣಪ್ಪ ಬೇಕಾದಷ್ಟು ಕಂಡಿದ್ದ. ಆದರೆ ಒಬ್ಬ ಮನುಷ್ಯನನ್ನು ಜೀವಂತ ಬಿಟ್ಟು ಅವನ ಮಾತನ್ನಷ್ಟೇ ಕೊಲ್ಲುವ ಕೈ ಯಾವುದಿದ್ದೀತು? 

ಹವಾಲ್ದಾರ ಬಸಯ್ಯ ರಾಮದುರ್ಗಕ್ಕೆ ಹೋಗಿ, ಮಾರನೆಯ ದಿನ ತ್ರ್ಯಂಬಕನನ್ನು ಅವನ ಮನೆಯಿಂದ ಕರೆತಂದ. ಹುದ್ದೆ ಸಿಕ್ಕ ಸಂತೋಷಕ್ಕೆ ಮನೆಯವರು ಹಚ್ಚಿದ ಕುಂಕುಮ ಹಣೆಯ ಮೇಲೆ ಇನ್ನೂ ಇತ್ತು.

"ಮಂಗಳವಾರ ರಾತ್ರಿ ರಘೋತ್ತಮ ಮಾಸ್ತರ ಮನ್ಯಾಗ ಇದ್ರಿ?"

"ಹೌದ್ರಿ. ಮುಂಜಾನೆ ಒಂದ ಬಸ್ಸಿಗೆ ಹೋಗೂದಿತ್ತು."

"ಮುಂಜಾನೆ ಏನ ತಿಂದ್ರಿ?"

"ಇಬ್ಬರೂ ಅವಲಕ್ಕಿ ತಿಂದ್ವಿ. ಅವ ಮ್ಯಾಲ ಮಜ್ಜಿಗಿ ಕುಡದ."

"ನೀವು?"

"ನನಗ ನೆಗಡಿ ಆಗಿತ್ತು. ಒಲ್ಲೆ ಅಂದೆ."

ಬಸಯ್ಯ ಫೌಜದಾರನ ಮುಖ ನೋಡಿದ.

"ಆವತ್ತ ಮುಂಜಾನೆ ಮನಿಗೆ ಯಾರ ಬಂದಿದ್ರು?"

"ಯಾರೂ ಬಂದಿಲ್ರಿ."

ಗಂಡ ಹೆಂಡತಿ ಹೇಳಿದ್ದೂ ಇದೇ. ಲಾಕಪ್ಪಿಗೆ ಹಾಕಲು ಅಷ್ಟು ಸಾಕಿತ್ತು. ಬಸಯ್ಯ ಬೀಗದ ಕೈ ತೆಗೆದೂ ಬಿಟ್ಟ. ಆದರೆ ನಿಜಗುಣಪ್ಪ ಎದ್ದೇಳಲಿಲ್ಲ. ತಪ್ಪು ಮಾಡಿದವನಾದರೆ ಯಾರೋ ಒಬ್ಬ ಬಂದಿದ್ದ ಎಂದು ಸುಳ್ಳಾದರೂ ಹುಟ್ಟಿಸುತ್ತಿದ್ದ. ಇವನು ತನ್ನ ಕೊರಳಿಗೆ ತಾನೇ ಹಗ್ಗ ಬಿಗಿದುಕೊಳ್ಳುತ್ತಿದ್ದಾನೆ.

"ಮಜ್ಜಿಗಿ ಲೋಟಕ್ಕ ಹಾಕಿದವರು ಯಾರು?"

"ಮಜ್ಜಿಗಿ ಮಾರಾಕಿ. ಮನಿ ಮುಂದಿನ ಕಟ್ಟಿಮ್ಯಾಲ ಬಂದು ತಾನ ಹಾಕಿದ್ಳು. ಮಾಸ್ತರಿಗೆ ಬ್ಯಾರೆ ತಂದೇನಿ, ಶುಂಠಿ ಮೆಣಸಿನಕಾಯಿ ಅರದ ಹಾಕೇನಿ ಅಂತ ಸಣ್ಣ ಮಣ್ಣಿನ ಚಟಗಿಯಿಂದ ಹಾಕಿದ್ಳು."

"ಯಾರೂ ಬಂದಿಲ್ಲ ಅಂದ್ರೆಲ್ಲ?"

ತ್ರ್ಯಂಬಕ ತಡವರಿಸಿದ. "ಆಕಿ ದಿನಾ ಬರಾಕೀರಿ."

ಬಸಯ್ಯ ಬೀಗದ ಕೈಯನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿದ.

"ಆಕಿಗೂ ಮಾಸ್ತರಿಗೂ ಏನ ಸಂಬಂಧ?"

"ಏನಿಲ್ರಿ. ಆಕಿನ್ನ ಕುಂಡರಿಸಿ ಹಳ್ಳಿ ಮಾತ ಕೇಳಿ ತಿಳಕೋತಿದ್ದ. ಹೋದ ವಾರ ಇಲ್ಲಿ ವಾಚನಾಲಯದಾಗ ಒಂದ ಭಾಷಣ ಮಾಡಿದ, ಸಂದರ್ಶನಕ್ಕ ತಯಾರಿ ಅಂತ. ಸಣ್ಣ ಕೂಸುಗಳ ನಾಲಿಗಿ ಹೆಂಗ ಹೊರಳತೈತಿ ಅಂತ ಆಡಿ ತೋರಿಸಿದ. 'ಯವ್ವಾ, ನೀಲ ಕೊಲ' ಅಂತ. ನೀರ ಕೊಡ ಅನ್ನಾಕ ಬರೂದಿಲ್ಲ ನೋಡ್ರಿ, ಅದಕ್ಕ. ಥೇಟ ಕೂಸಿನ ದನಿ! ಜನಾ ಬಿದ್ದ ಬಿದ್ದ ನಕ್ಕರು. ನಾನೂ ಕೇಳಾಕ ಬಂದಿದ್ದೆ, ನಾನೂ ನಕ್ಕೆ."

"ಯಾರ ಕೂಸಿನ ಮಾತದು?"

"ನಾ ಕೇಳಲಿಲ್ರಿ."

ನಿಜಗುಣಪ್ಪ ನೆಟ್ಟಗೆ ರಘೋತ್ತಮನ ಮನೆಗೆ ಹೋದ. ಯಮುನಾಬಾಯಿ ಬಾಗಿಲಲ್ಲಿ ನಿಂತೇ ಹೇಳಿದಳು: ಮಜ್ಜಿಗೆ ಕೊಡುವವಳು ಶಟ್ಟೆವ್ವ, ಯರಗಟ್ಟಿ ದಾರಿಯ ಹೊಲಮನೆಯವಳು, ಬುಧವಾರದಿಂದ ಈಚೆ ಬಂದಿಲ್ಲ. ರಘೋತ್ತಮ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ.

"ವಾಚನಾಲಯದಾಗ ಆಡಿ ತೋರಿಸಿದ ಮಾತು ಯಾರದ್ರಿ?"

ಅವನು ಬರೆದ: 'ಶಟ್ಟೆವ್ವನ ಮಗಳದು.'

"ಆ ಮಗಳು ಎಲ್ಲದಾಳ?"

ಅವನು ಸಣ್ಣ ಅಕ್ಷರದಲ್ಲಿ ಬರೆದ: 'ಮಗು ತೀರಿಕೊಂಡಿದೆ.'

"ನಾಲ್ಕ ಮಂದಿ ಮುಂದ ಆಡತೇನಿ ಅಂತ ಆ ತಾಯಿಗೆ ಹೇಳಿದ್ರಿ?"

'ಉದಾಹರಣೆ ಬಹಳ ಚೆನ್ನಾಗಿತ್ತು' ಎಂದು ಬರೆದವನು, ಫೌಜದಾರ ಓದಿ ತಲೆ ಎತ್ತುವುದರೊಳಗೆ ಅಂಗೈಯಿಂದ ಒರೆಸಿಬಿಟ್ಟ.

11ನೆಯ ತಾರೀಖು, ಶನಿವಾರ. ಸಾಕ್ಷಿಗೆ ಇಬ್ಬರು ಪಂಚರನ್ನು ಕರೆದುಕೊಂಡು ನಿಜಗುಣಪ್ಪ, ಬಸಯ್ಯ ಹೊಲಮನೆಗೆ ಹೋದರು. ಹೊಲದ ಸುತ್ತ ಆಳೆತ್ತರದ ಕಳ್ಳಿಬೇಲಿ. ಮನೆಯ ಹಿಂದಿನ ಮಗ್ಗುಲಲ್ಲಿ ಮೂರು ಟೊಂಗೆ ಕೊಯ್ದಿದ್ದರು, ಕೊಯ್ದಲ್ಲಿ ಹಾಲು ಒಣಗಿ ಹೆಪ್ಪುಗಟ್ಟಿತ್ತು. ಅಡುಗೆಮನೆಯ ಮೂಲೆಯಲ್ಲಿ ಬೋರಲಾಗಿ ಇಟ್ಟಿದ್ದ ಚಟಗಿ ಸಿಕ್ಕಿತು. ಎರಡನ್ನೂ ಪಂಚನಾಮೆಗೆ ಸೇರಿಸಿದರು. ಬಂದವರನ್ನು ನೋಡಿ ನಾಯಿ ಕೂಡ ಬೊಗಳಲಿಲ್ಲ.

ಶಟ್ಟೆವ್ವ ಎಮ್ಮೆಯ ಕೆಚ್ಚಲು ತೊಳೆಯುತ್ತಿದ್ದಳು. "ಬರತೀರಿ ಅಂತ ಗೊತ್ತಿತ್ರಿ. ಹಿಂಡಿ ಬರತೇನಿ, ಇಲ್ಲಾಂದ್ರ ಅದರ ಕೆಚ್ಚಲಕ್ಕ ಬಾವ ಬರತೈತಿ."

ಫೌಜದಾರ, ಬಸಯ್ಯ ಅಂಗಳದಲ್ಲಿ ಕಾದರು. ಎಮ್ಮೆ ಹಿಂಡಿ ಮುಗಿಸಿ, ಹಾಲು ಒಳಗಿಟ್ಟು, ಕೈ ಒರೆಸಿಕೊಂಡು ಬಂದು ಅಂಗಳದಲ್ಲಿ ಕೂತಳು. ಗಂಡ ಅಮೋಘಸಿದ್ದಪ್ಪ ಏನೂ ತಿಳಿಯದೆ ಕಂಬ ಹಿಡಿದು ನಿಂತಿದ್ದ.

"ನೀನ ಹಾಕಿದಿ?"

"ನಾನ ರೀ."

"ಯಾಕ?"

"ಜ್ವರದಾಗ ನಮ್ಮ ಬೀರವ್ವ ನೀರ ಬೇಡತಿತ್ತು. ನೀರ ಕೊಟ್ರ ಸಾಯತೈತಿ ಅಂತ ಔಷಧ ಕೊಡಾವ ಹೇಳಿದ್ದ. ನಾ ಕೊಡಲಿಲ್ರಿ. ಬೆಳಕ ಹರಿಯೂತನಕ ಬೇಡಿ ಬೇಡಿ ಹೋತು. ಇದನ್ನ ನಮ್ಮ ಮನ್ಯಾವರಿಗೂ ಹೇಳಿರಲಿಲ್ಲ. ಮಾಸ್ತರ ಅಕ್ಕರತಿಯಿಂದ ಕೇಳಿದ್ರು. ಅವರೂ ಕಣ್ಣಾಗ ನೀರ ತಂದ್ರು. ಹೇಳಿಬಿಟ್ಟೆ."

ಅಮೋಘಸಿದ್ದಪ್ಪ ಕಂಬ ಬಿಟ್ಟು ಬಂದು ಹೆಂಡತಿಯ ಎದುರಿಗೆ ಕೂತ.

"ಆವತ್ತ ಬೆಣ್ಣಿ ಮಾರಕೊಂಡು ಬಂದು ವಾಚನಾಲಯದ ಮೆಟ್ಟಲಮ್ಯಾಲ ಕುಂತಿದ್ದೆ. ಒಳಗ ನನ್ನ ಕೂಸು ನೀರ ಬೇಡಾಕ ಹತ್ತಿತ್ತು, ಸಾಹೇಬ್ರ. ಜನಾ ನಗಾಕ ಹತ್ತಿದ್ರು."

"ಸಾಯಲಿ ಅಂತ ಹಾಕಿದಿ?"

"ಇಲ್ರಿ. ಧಾರವಾಡದಾಗ ದೊಡ್ಡವರ ಮುಂದ ನೀ ಹೇಳಿದ ಮಾತೂ ಆಡಿ ತೋರಸತಾರ ನೋಡು ಅಂತ ಮಾಸ್ತರ ಮನಿ ಬಾಯಾರು ಖುಷಿಲೆ ಹೇಳಿದ್ರು. ನೌಕರಿ ಸಿಕ್ಕರ ವರ್ಷಾ ವರ್ಷಾ ಹುಡುಗರ ಮುಂದ ಆಡತಾರಂತ. ಅದನ್ನ ಮತ್ತ ಆಡಬಾರದಾಗಿತ್ರಿ, ಅಷ್ಟ."

ಶಟ್ಟೆವ್ವನನ್ನು ದಸ್ತಗಿರಿ ಮಾಡಲಾಯಿತು. ಠಾಣೆಯಲ್ಲೇ ಕೂಡಿಸಿಕೊಂಡಿದ್ದ ತ್ರ್ಯಂಬಕನನ್ನು ಅದೇ ಸಂಜೆ ಕಳಿಸಿಕೊಟ್ಟರು. ಅವನು ಬಸ್ಸಿನವರೆಗೆ ಯಾರ ಮುಖವನ್ನೂ ನೋಡದೆ ನಡೆದ.

ಠಾಣೆಯಲ್ಲಿ ಬಸಯ್ಯ ಆಕೆಯ ಹೇಳಿಕೆ ಬರೆದುಕೊಳ್ಳುತ್ತ ಕೇಳಿದ, "ಕೂಸು ಹೆಂಗ ಅಂತಿತ್ತು? ಇದ್ದಂಗ ಹೇಳು."

ಅಲ್ಲಿಯತನಕ ಕಣ್ಣೀರು ಹಾಕದವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಅದೊಂದ ಬರಕೋಬ್ಯಾಡ್ರಿ. ನನ್ನ ತೆಲಿ ಬೇಕಾರ ತಗೋರಿ."

ಬಸಯ್ಯ ಫೌಜದಾರನ ಕಡೆ ನೋಡಿದ.

"ಮಗಳು ನೀರು ಕೇಳಿದಳು ಅಂತ ಬರಿ," ಎಂದ ನಿಜಗುಣಪ್ಪ. "ಅಷ್ಟ ಸಾಕು."

ಆಕೆ ಹೆಬ್ಬೆಟ್ಟು ಒತ್ತಿದಳು. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮುಂದೆ ವಕೀಲರು ಬರುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳು ಎನ್ನುತ್ತಾರೆ, ತುಂಬಿದ ಕೋರ್ಟಿನಲ್ಲಿ ಆಕೆ ಅದನ್ನು ಆ ಕೂಸಿನ ನಾಲಿಗೆಯಲ್ಲೇ ಹೇಳಬೇಕಾಗುತ್ತದೆ. ಇದು ನಿಜಗುಣಪ್ಪನಿಗೆ ಗೊತ್ತಿತ್ತು. ಆಕೆಗೆ ಇನ್ನೂ ಗೊತ್ತಿರಲಿಲ್ಲ.